ಒಂದೇ ಡಬ್ಬಿಯ ಎಪಾಕ್ಸಿ: ಬಳುಕಬೇಕೋ, ಏಟು ತಾಳಬೇಕೋ?

ಮನೆಯಲ್ಲಿ ಅರಾಲ್ಡೈಟ್ ಎಂಬ ಎಪಾಕ್ಸಿ ಅಂಟು ಬಳಸಿದವರಿಗೆಲ್ಲ ಆ ಎರಡು ಟ್ಯೂಬು ಗೊತ್ತು. ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್. ಹಳೇ ಮದುವೆ ಕಾರ್ಡಿನ ಮೇಲೆ ಎರಡನ್ನೂ ಸಮ ಸಮ ಹಿಂಡಿ, ಬೆಂಕಿಕಡ್ಡಿಯಲ್ಲಿ ಕಲಸಿ, ಗಟ್ಟಿಯಾಗುವ ಮುಂಚೆ ಹಚ್ಚಿ ಮುಗಿಸಬೇಕು. ಮನೆಗೆ ಇಷ್ಟು ಸಾಕು. ದಿನಕ್ಕೆ ಸಾವಿರಾರು ಮೋಟಾರಿಗೆ ಮ್ಯಾಗ್ನೆಟ್ ಅಂಟಿಸುವ ಕಾರ್ಖಾನೆಗೆ ಇದು ಸಾಕಾಗುವುದಿಲ್ಲ. ಅಳತೆ ತಪ್ಪುತ್ತದೆ, ಊಟದ ಬೆಲ್ ಹೊಡೆಯುವಷ್ಟರಲ್ಲಿ ಕಲಸಿಟ್ಟ ಮಾಲು ಬಿಸಿಯಾಗಿ ಕಲ್ಲಾಗುತ್ತದೆ, ನಳಿಗೆ ಕಟ್ಟಿಕೊಳ್ಳುತ್ತದೆ.

ಅದಕ್ಕೇ ಒಂದೇ ಡಬ್ಬಿಯ ಎಪಾಕ್ಸಿ ಬಂತು. ಅದರಲ್ಲಿ ರೆಸಿನ್, ಹಾರ್ಡನರ್ ಎರಡೂ ಬೆರೆತೇ ಇರುತ್ತವೆ. ಆದರೆ ಹಾರ್ಡನರ್ ನಿದ್ದೆಯಲ್ಲಿರುತ್ತದೆ. ಒವನ್ನಿನಲ್ಲಿ ಬಿಸಿ ತಾಗಿದಾಗ ಮಾತ್ರ ಎದ್ದು ಕೆಲಸ ಶುರು ಮಾಡುತ್ತದೆ. ಇಂಥದ್ದನ್ನು ಲೇಟೆಂಟ್ ಹಾರ್ಡನರ್ ಅನ್ನುತ್ತಾರೆ. ಕೆಲವು ಕುಂಭಕರ್ಣನ ಜಾತಿ, ನಗಾರಿ ಹೊಡೆದರೂ ಏಳುವುದಿಲ್ಲ. ಕೆಲವು ಎಳೆಮಗುವಿನ ತಾಯಿಯ ಹಾಗೆ, ಸಣ್ಣ ಸದ್ದಿಗೂ ಎಚ್ಚರ. ನಮಗೆ ಯಾವ ನಿದ್ದೆ ಬೇಕು ಅನ್ನುವುದೇ ಆಯ್ಕೆಯ ಅರ್ಧ ಭಾಗ. ಗಟ್ಟಿಯಾದ ಮೇಲೆ ಅಂಟು ಪೆಡಸಾಗಬಾರದು ಅನ್ನುವುದು ಇನ್ನರ್ಧ. ಈ ಎರಡನ್ನೂ ಒಟ್ಟಿಗೆ ಯೋಚಿಸದೆ ಸುಮ್ನೆ ಹಾರ್ಡನರ್ ಬದಲಿಸುತ್ತಾ ಹೋದರೆ ತಿಂಗಳುಗಟ್ಟಲೆ ವ್ಯರ್ಥವಾಗುತ್ತದೆ. ಇದು ನಾನು ಮಾಡಿ ಕಲಿತದ್ದು.

ಬಳುಕುವುದು ಬೇರೆ, ಏಟು ತಾಳುವುದು ಬೇರೆ

ಗಿರಾಕಿ ಬಂದು "ಸ್ವಲ್ಪ ಫ್ಲೆಕ್ಸಿಬಲ್ ಆಗಿರೋ ಎಪಾಕ್ಸಿ ಬೇಕು ಸಾರ್" ಅಂದರೆ ನಾನು ಮೊದಲು ಕೇಳುವುದು: ಒಡೆದಿರುವ ಪೀಸ್ ತಂದಿದ್ದೀರಾ? ಯಾಕೆಂದರೆ ಹತ್ತರಲ್ಲಿ ಆರು ಜನಕ್ಕೆ ಬೇಕಾಗಿರುವುದು ಬಳುಕು ಅಲ್ಲ, ಏಟು ತಾಳುವ ಗುಣ.

ಗಾಜಿನ ಬಳೆ ಗಟ್ಟಿ, ಆದರೆ ಪೆಡಸು. ಹವಾಯಿ ಚಪ್ಪಲಿ ಎಷ್ಟು ಬೇಕಾದರೂ ಬಾಗುತ್ತದೆ, ಆದರೆ ಬ್ಲೇಡು ತಾಗಿದರೆ ಸೀಳಿಕೊಂಡು ಹೋಗುತ್ತದೆ. ಕೊಡಲಿ ಕಾವು ಕಣ್ಣಿಗೆ ಕಾಣುವಷ್ಟು ಬಾಗುವುದಿಲ್ಲ, ಆದರೂ ಸಾವಿರ ಏಟು ನುಂಗಿಕೊಳ್ಳುತ್ತದೆ. ಎಪಾಕ್ಸಿಯಲ್ಲಿ ಬಳುಕು ಅಂದರೆ ಚಪ್ಪಲಿಯ ಗುಣ, ಟಫ್ ಅಂದರೆ ಕೊಡಲಿ ಕಾವಿನ ಗುಣ.

ಅಲ್ಯೂಮಿನಿಯಂ ತಟ್ಟೆಗೆ ಸೆರಾಮಿಕ್ ಅಂಟಿಸಿದ್ದೀರಿ ಅಂದುಕೊಳ್ಳಿ. ಬಿಸಿಯಾದಾಗ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುತ್ತದೆ, ಸೆರಾಮಿಕ್ ಕಡಿಮೆ. ನಡುವಿನ ಅಂಟು ಎರಡರ ಎಳೆದಾಟವನ್ನು ಸಹಿಸಬೇಕು. ಅಲ್ಲಿ ಬಳುಕು ಬೇಕು. ಕಾರಿನ ಬಾಡಿಯಲ್ಲಿ ಎರಡು ಉಕ್ಕಿನ ತಗಡು ಅಂಟಿಸಿದಾಗ, ಅಪಘಾತವಾದರೆ ಅಂಟು ಕಿತ್ತು ಬರಬಾರದು. ಹಾಗೆಂದು ದಿನನಿತ್ಯ ಬಾಡಿ ಜೋಲಾಡಲೂ ಬಾರದು. ಅಲ್ಲಿ ಬೇಕಾದ್ದು ತಾಳಿಕೆ.

ಬಳುಕಿಗೆ ಬೆಲೆ ತೆರಬೇಕು. ಅಣುಗಳ ಬಲೆಯ ಕಣ್ಣು ದೊಡ್ಡದಾದಷ್ಟೂ, ನಡುವಿನ ಸರಪಳಿ ಉದ್ದವಾದಷ್ಟೂ ಅಂಟು ಮೆತ್ತಗಾಗುತ್ತದೆ. ಜೊತೆಗೆ ಅದರ ಟಿ.ಜಿ. ಇಳಿಯುತ್ತದೆ. ಟಿ.ಜಿ. ಅಂದರೆ ಗಾಜಿನಂತಿದ್ದ ಅಂಟು ರಬ್ಬರಿನಂತಾಗುವ ಉಷ್ಣತೆ. ಟಿ.ಜಿ. 130 ಡಿಗ್ರಿ ಇದ್ದದ್ದು 60ಕ್ಕೆ ಇಳಿದರೆ, ಎಂಜಿನ್ ಹತ್ತಿರ ಇಡುವ ಭಾಗಕ್ಕೆ ಅದು ನಾಲಾಯಕ್. ತಾಳಿಕೆಯ ಲೆಕ್ಕ ಹಾಗಲ್ಲ. ಗಟ್ಟಿ ಎಪಾಕ್ಸಿಯೊಳಗೆ ಕಣ್ಣಿಗೆ ಕಾಣದ ರಬ್ಬರ್ ಕಣಗಳನ್ನು ಹರಡಿದರೆ ಟಿ.ಜಿ. ಹೆಚ್ಚು ಇಳಿಯದೆಯೇ ತಾಳಿಕೆ ಬರುತ್ತದೆ. ಏನೂ ಬೆರೆಸದ ಎಪಾಕ್ಸಿಯಲ್ಲಿ ಬಿರುಕು ಮುಂದುವರಿಯಲು ಚದರ ಮೀಟರಿಗೆ ಸುಮಾರು 100ರಿಂದ 300 ಜೂಲ್ ಸಾಕು. ಸರಿಯಾಗಿ ರಬ್ಬರ್ ಕೂಡಿಸಿದ್ದರಲ್ಲಿ ಅದು 1000 ದಾಟುತ್ತದೆ.

ಒಂದೇ ಡಬ್ಬಿಯ ಎಪಾಕ್ಸಿಗೆ ಇಲ್ಲೊಂದು ತೊಡಕಿದೆ. ಎರಡು ಡಬ್ಬಿಯದ್ದಾದರೆ ಬಳುಕು ಹಾರ್ಡನರ್ ಕಡೆಯಿಂದ ಸುಲಭವಾಗಿ ಬರುತ್ತದೆ. ಪಾಲಿಅಮೈಡ್, ಉದ್ದ ಸರಪಳಿಯ ಪಾಲಿಈಥರ್ ಅಮೀನ್, ಅಮೀನ್ ತುದಿಯ ರಬ್ಬರ್, ಹೀಗೆ ಬೇಕಾದ್ದು ಸಿಗುತ್ತದೆ. ಇವೆಲ್ಲ ಎಚ್ಚರವಾಗಿಯೇ ಇರುವ ಅಮೀನ್‌ಗಳು, ಅಂದರೆ ಎಪಾಕ್ಸಿಯನ್ನು ಗಟ್ಟಿ ಮಾಡುವ ಸಾರಜನಕದ ಸಂಯುಕ್ತಗಳು. ಒಂದೇ ಡಬ್ಬಿಗೆ ಹಾಕಿದರೆ ಮಾಲು ಗೋಡೌನ್‌ನಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿ ಆ ದಾರಿ ಮುಚ್ಚಿದೆ. ಬಳುಕನ್ನು ರೆಸಿನ್ ಕಡೆಯಿಂದ ತರಬೇಕು, ಇಲ್ಲವೇ ನಿದ್ದೆ ಮಾಡುವ ಹಾರ್ಡನರ್‌ಗಳಲ್ಲೇ ಉದ್ದ ಸರಪಳಿ ಇರುವುದನ್ನು ಹುಡುಕಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುವುದಿಲ್ಲ ಅನ್ನುವ ಗಾದೆ ಎಪಾಕ್ಸಿಗೇ ಕಟ್ಟಿದ ಹಾಗಿದೆ.

ಮೊದಲು ಒವನ್ ನೋಡಿ

ಹಾರ್ಡನರ್ ಕ್ಯಾಟಲಾಗ್ ತೆರೆಯುವ ಮುಂಚೆ ಮೂರು ಸಂಗತಿ ಬರೆದಿಟ್ಟುಕೊಳ್ಳಿ. ನಿಮ್ಮ ಭಾಗ ಎಷ್ಟು ಬಿಸಿ ತಾಳುತ್ತದೆ? ಒವನ್ನಿನಲ್ಲಿ ಎಷ್ಟು ಹೊತ್ತು ಇಡಬಹುದು? ಮಾಲು ಎಲ್ಲಿ, ಎಷ್ಟು ದಿನ ಕೂರಬೇಕು?

ಬಿಸಿಯ ಲೆಕ್ಕದಲ್ಲಿ ತುಂಬಾ ಜನ ಎಡವುತ್ತಾರೆ. ಒವನ್ನಿನ ಡಿಸ್‌ಪ್ಲೇ ತೋರಿಸುವುದು ಗಾಳಿಯ ಬಿಸಿಯನ್ನು, ಭಾಗದ ಬಿಸಿಯನ್ನಲ್ಲ. ಎರಡು ಕಿಲೋ ತೂಕದ ಎರಕದ ಕಬ್ಬಿಣ 150 ಡಿಗ್ರಿ ಮುಟ್ಟಲು ಅರ್ಧ ಗಂಟೆಗೂ ಮೇಲೆ ತೆಗೆದುಕೊಳ್ಳಬಹುದು. "ಅರ್ಧ ಗಂಟೆ ಇಟ್ಟೆ, ಅಂಟು ಹಸಿಯಾಗಿದೆ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ. ಅಂಟು ಇರುವ ಜಾಗಕ್ಕೇ ಒಂದು ಥರ್ಮೋಕಪಲ್, ಅಂದರೆ ಬಿಸಿ ಅಳೆಯುವ ತಂತಿ, ತಾಗಿಸಿ ನೋಡಿ.

ಕೂರುವ ಲೆಕ್ಕವೂ ಮುಖ್ಯ. ಹತ್ತು ಡಿಗ್ರಿ ಬಿಸಿ ಏರಿದರೆ ಬಾಳಿಕೆ, ಅಂದರೆ ಮಾಲು ಡಬ್ಬಿಯಲ್ಲಿ ಕೆಡದೆ ಉಳಿಯುವ ಕಾಲ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಒರಟು ಲೆಕ್ಕ, ಆದರೆ ಕೆಲಸಕ್ಕೆ ಬರುತ್ತದೆ. ಬೆಂಗಳೂರಿನ 25 ಡಿಗ್ರಿಯಲ್ಲಿ ಆರು ತಿಂಗಳು ಬಾಳುವ ಮಾಲು ಬಳ್ಳಾರಿಯ ಏಪ್ರಿಲ್ ತಿಂಗಳಲ್ಲಿ, ತಗಡಿನ ಶೀಟಿನ ಗೋಡೌನಿನಲ್ಲಿ ಎರಡು ತಿಂಗಳು ಬಾಳಿದರೆ ಪುಣ್ಯ. ನಾನೊಮ್ಮೆ ಬೇಸಿಗೆಯಲ್ಲಿ ಕಳಿಸಿದ ಡ್ರಮ್ಮು ಮೂರು ದಿನ ಲಾರಿಯ ಮೇಲೆ ಬಿಸಿಲು ಕಾದು ತಲುಪಿದಾಗ, ಒಳಗಿದ್ದದ್ದು ಹಲಸಿನ ಹಣ್ಣಿನ ಹಲ್ವದ ಹಾಗಾಗಿತ್ತು. ತಪ್ಪು ಲಾರಿಯದ್ದಲ್ಲ. ಬೇಗ ಎಚ್ಚರಗೊಳ್ಳುವ ಹಾರ್ಡನರ್ ಆರಿಸಿದ ನನ್ನದು.

ಡೈಸಿ: ಅಗ್ಗದ ಕುಂಭಕರ್ಣ

ಡೈಸಯಾನ್‌ಡೈಅಮೈಡ್. ಬಾಯಿ ತುಂಬುವ ಹೆಸರು, ಎಲ್ಲರೂ ಡೈಸಿ ಅಂತಲೇ ಕರೆಯುತ್ತಾರೆ. ಬಿಳಿ ಪುಡಿ, ಕರಗುವ ಬಿಂದು ಸುಮಾರು 209 ಡಿಗ್ರಿ. ತಣ್ಣಗಿನ ರೆಸಿನ್‌ನಲ್ಲಿ ಇದು ಕರಗುವುದಿಲ್ಲ. ನೀರಿನಲ್ಲಿ ಮರಳು ಕೂತ ಹಾಗೆ ಕೂತಿರುತ್ತದೆ. ಕರಗದಿದ್ದರೆ ಕೆಲಸವೂ ಇಲ್ಲ. ಇದರ ನಿದ್ದೆಯ ಗುಟ್ಟು ಇಷ್ಟೇ. ಬಿಸಿಯಾದ ರೆಸಿನ್ ಅದನ್ನು ಮೆಲ್ಲಗೆ ಕರಗಿಸಿಕೊಂಡಾಗ ಕ್ರಿಯೆ ಶುರುವಾಗುತ್ತದೆ. ಒಂಟಿಯಾಗಿ ಬಳಸಿದರೆ 170ರಿಂದ 180 ಡಿಗ್ರಿ ಬೇಕು.

ನೂರು ಭಾಗ ರೆಸಿನ್‌ಗೆ 5ರಿಂದ 8 ಭಾಗ ಸಾಕು. ಇಷ್ಟು ಕಡಿಮೆ ಪುಡಿ ಬೇಡುವ, ಇಷ್ಟು ಅಗ್ಗದ, ಲೋಹಕ್ಕೆ ಇಷ್ಟು ಚೆನ್ನಾಗಿ ಕಚ್ಚುವ ಇನ್ನೊಂದು ಲೇಟೆಂಟ್ ಹಾರ್ಡನರ್ ನನಗೆ ಸಿಕ್ಕಿಲ್ಲ. ಕೋಣೆಯ ಉಷ್ಣತೆಯಲ್ಲಿ ಆರು ತಿಂಗಳು ಇಟ್ಟರೂ ಜಗ್ಗುವುದಿಲ್ಲ. ಹಾಗಾಗಿ ಬೇರೆ ಕಾರಣ ಇಲ್ಲದಿದ್ದರೆ ಡೈಸಿಯಿಂದಲೇ ಶುರು ಮಾಡಿ ಅನ್ನುವುದು ನನ್ನ ಸಲಹೆ.

180 ಡಿಗ್ರಿ ನಿಮ್ಮ ಭಾಗ ತಾಳದಿದ್ದರೆ ಯೂರಾನ್ ಗುಂಪಿನ ಆಕ್ಸಿಲರೇಟರ್, ಅಂದರೆ ಕ್ರಿಯೆಗೆ ವೇಗ ಕೊಡುವ ಪುಡಿ, 1ರಿಂದ 3 ಭಾಗ ಸೇರಿಸಬಹುದು. ಆಗ 120ರಿಂದ 130 ಡಿಗ್ರಿಯಲ್ಲೇ ಗಂಟೆಯೊಳಗೆ ಗಟ್ಟಿಯಾಗುತ್ತದೆ. ಈ ಗುಂಪಿನ ಹಳೇ ಹುಲಿ ಡೈಯುರಾನ್. ತೋಟದವರಿಗೆ ಇದು ಕಳೆನಾಶಕವಾಗಿ ಪರಿಚಯ, ನಮಗೆ ಅಂಟಿನ ಸಾಮಾನು. ಆರೋಗ್ಯದ ಕಾರಣಕ್ಕೆ ಈಗ ಹಲವರು ಕ್ಲೋರಿನ್ ಇಲ್ಲದ ಯೂರಾನ್‌ಗಳಿಗೆ ಬದಲಾಗಿದ್ದಾರೆ. ಹೊಸದಾಗಿ ಶುರು ಮಾಡುವವರು ಅದರಿಂದಲೇ ಶುರು ಮಾಡುವುದು ಒಳ್ಳೆಯದು. ಆಕ್ಸಿಲರೇಟರ್ ಸೇರಿದ ಮೇಲೆ ಆರು ತಿಂಗಳ ಬಾಳಿಕೆ ಒಂದರಿಂದ ಮೂರು ತಿಂಗಳಿಗೆ ಇಳಿಯುತ್ತದೆ ಅನ್ನುವುದು ನೆನಪಿರಲಿ.

ಪುಡಿಯ ನುಣುಪು ಮುಖ್ಯ. ಒರಟು ಡೈಸಿ ತಳ ಹಿಡಿಯುತ್ತದೆ, ಪೂರ್ತಿ ಕರಗುವುದಿಲ್ಲ, ಗಟ್ಟಿಯಾದ ಅಂಟಿನಲ್ಲಿ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ. ಬಿರುಕು ಶುರುವಾಗುವುದು ಅಂಥ ಚುಕ್ಕೆಯಲ್ಲೇ. ತೆಳುವಾದ ಅಂಟಿನ ಪದರಕ್ಕೆ 10 ಮೈಕ್ರಾನ್‌ಗಿಂತ ಸಣ್ಣದಾಗಿ ಅರೆದ ದರ್ಜೆಯನ್ನೇ ಕೇಳಿ ತರಿಸಿ.

ಈಗ ಡೈಸಿಯ ಕೆಟ್ಟ ಗುಣ. ಎದ್ದ ಮೇಲೆ ಕುಂಭಕರ್ಣನ ಹಸಿವು! ಎಪಾಕ್ಸಿ ಗಟ್ಟಿಯಾಗುವಾಗ ಗ್ರಾಮಿಗೆ ಸುಮಾರು 400ರಿಂದ 500 ಜೂಲ್ ಬಿಸಿ ಹೊಮ್ಮುತ್ತದೆ. ಒಂದು ಗ್ರಾಂ ಮಾಲನ್ನು ಒಂದು ಡಿಗ್ರಿ ಏರಿಸಲು ಹೆಚ್ಚುಕಡಿಮೆ 2 ಜೂಲ್ ಸಾಕು. ಅಂದರೆ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ ಮಾಲು ತಾನಾಗಿಯೇ 200 ಡಿಗ್ರಿಗೂ ಮೇಲೆ ಏರುತ್ತದೆ. 150ರ ಒವನ್ನಿನಲ್ಲಿ ಶುರುವಾದದ್ದು 350 ದಾಟುತ್ತದೆ. ತೆಳುವಾದ ಅಂಟಿನಲ್ಲಿ ಈ ಬಿಸಿಯನ್ನು ಲೋಹ ಹೀರಿಕೊಳ್ಳುತ್ತದೆ, ತೊಂದರೆ ಇಲ್ಲ. ದಪ್ಪಗೆ ಸುರಿದರೆ ಕಥೆಯೇ ಬೇರೆ. ಶುರುವಿನ ದಿನಗಳಲ್ಲಿ ನಾನು ಒಂದು ಲೋಟ ತುಂಬ ಮಾಲನ್ನು "ಹೇಗಾಗುತ್ತೆ ನೋಡೋಣ" ಅಂತ 150ಕ್ಕೆ ಇಟ್ಟೆ. ಇಪ್ಪತ್ತು ನಿಮಿಷದಲ್ಲಿ ಶೆಡ್ಡಿನ ತುಂಬ ಕಂದು ಹೊಗೆ. ಒಳಗಿದ್ದದ್ದು ಕರಿ ಸ್ಪಂಜು. ಹಾಗಾಗಿ ಪಾಟಿಂಗ್‌ಗೆ, ಅಂದರೆ ದಪ್ಪಗೆ ತುಂಬಿಸುವ ಕೆಲಸಕ್ಕೆ, ಡೈಸಿ ಬೇಡ. ಹಾಕಲೇಬೇಕಾದರೆ ಫಿಲ್ಲರ್ (ಕ್ರಿಯೆಗೆ ಇಳಿಯದ ಜಡ ಪುಡಿ) ಜಾಸ್ತಿ ಹಾಕಿ, 100 ಡಿಗ್ರಿ ಹತ್ತಿರದಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಹೊಸ ಮಿಶ್ರಣವನ್ನು ಮೊದಲು ಒಂದೆರಡು ಗ್ರಾಮಿನಲ್ಲಷ್ಟೇ ಪರೀಕ್ಷಿಸಿ.

ಇನ್ನೊಂದು ದೌರ್ಬಲ್ಯ ತೀರಾ ಹೆಚ್ಚಿನ ಬಿಸಿ. ಎಲೆಕ್ಟ್ರಾನಿಕ್ಸ್‌ನ ಹಸಿರು ಬೋರ್ಡು, ಎಫ್‌ಆರ್-4, ಬಹುಕಾಲ ಡೈಸಿಯಿಂದಲೇ ಗಟ್ಟಿಯಾಗುತ್ತಿತ್ತು. 2006ರ ಜುಲೈನಲ್ಲಿ ಯುರೋಪಿನ ನಿಯಮದಿಂದ ಸೀಸದ ಬೆಸುಗೆ ಹೋಯಿತು. 183 ಡಿಗ್ರಿಗೆ ಕರಗುವ ಹಳೇ ಬೆಸುಗೆಯ ಬದಲು 217ಕ್ಕೆ ಕರಗುವುದು ಬಂತು, ಬೋರ್ಡು 250 ಡಿಗ್ರಿ ಆಸುಪಾಸಿನ ಬಿಸಿ ಉಣ್ಣಬೇಕಾಯಿತು. ಡೈಸಿ ಬೋರ್ಡುಗಳು ಪದರ ಬಿಡತೊಡಗಿದವು. ಹೆಚ್ಚಿನ ದರ್ಜೆಯ ಬೋರ್ಡುಗಳು ಆಮೇಲೆ ಫೀನಾಲಿಕ್ ಹಾರ್ಡನರ್‌ಗೆ ಹೋದವು. ನಿಮ್ಮ ಭಾಗ ಬೆಸುಗೆಯ ಒವನ್ನಿಗೆ ಹೋಗುವುದಾದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಬಳುಕಿನ ವಿಷಯದಲ್ಲಿ ಡೈಸಿ ಏನೂ ಕೊಡುವುದಿಲ್ಲ. ಅದು ಪುಟ್ಟ ಅಣು, ನಡುವೆ ಸರಪಳಿಯೇ ಇಲ್ಲ. ಆದರೆ ರಬ್ಬರ್ ಕಣಗಳ ಜೊತೆ ಇದರಷ್ಟು ಹೊಂದಿಕೊಂಡು ಹೋಗುವ ಹಾರ್ಡನರ್ ಅಪರೂಪ. ಬಳುಕಿಗೆ ಇದನ್ನು ನಂಬಬೇಡಿ, ತಾಳಿಕೆಗೆ ಕಣ್ಣು ಮುಚ್ಚಿ ನಂಬಿ.

ಡೈಹೈಡ್ರಜೈಡ್: ಉದ್ದ ಸರಪಳಿಯ ಮಹಿಮೆ

ನಿಜವಾದ ಬಳುಕು ಹಾರ್ಡನರ್‌ನಿಂದಲೇ ಬೇಕು ಅನ್ನುವವರಿಗೆ ನಾನು ತೋರಿಸುವುದು ಈ ಮನೆತನವನ್ನು. ಎರಡು ತುದಿಯಲ್ಲಿ ಹೈಡ್ರಜೈಡ್ ಕೈಗಳು, ನಡುವೆ ಒಂದು ಸರಪಳಿ. ಆ ಸರಪಳಿಯ ಉದ್ದವನ್ನು ನಾವೇ ಆರಿಸಬಹುದು. ಡೈಸಿಯಲ್ಲಿ ಇಲ್ಲದ ಸೌಕರ್ಯ ಇದು.

ಅಡಿಪಿಕ್ ಡೈಹೈಡ್ರಜೈಡ್‌ನಲ್ಲಿ ಎರಡು ತುದಿಗಳ ನಡುವೆ ನಾಲ್ಕು ಇಂಗಾಲ. ಸೆಬಾಸಿಕ್‌ನಲ್ಲಿ ಎಂಟು. ಯುಡಿಎಚ್ ಅನ್ನುವುದರಲ್ಲಿ ಹದಿನೆಂಟು. ಸರಪಳಿ ಉದ್ದವಾದ ಹಾಗೆ ಗಟ್ಟಿಯಾದ ಅಂಟು ಮೆತ್ತಗಾಗುತ್ತದೆ, ಸುಲಿದರೆ ಕೀಳದೆ ಹಿಡಿದುಕೊಳ್ಳುತ್ತದೆ, ನೀರನ್ನೂ ಕಡಿಮೆ ಕುಡಿಯುತ್ತದೆ. ಟಿ.ಜಿ. ಅದೇ ಲೆಕ್ಕದಲ್ಲಿ ಕೆಳಗಿಳಿಯುತ್ತದೆ. ಐಸೊಫ್ತಾಲಿಕ್ ಡೈಹೈಡ್ರಜೈಡ್ ಈ ಮನೆತನದ ಬಿಗಿಮೋರೆಯ ಸದಸ್ಯ. ನಡುವೆ ಬೆಂಜೀನ್ ಉಂಗುರ, ಕರಗುವುದು 220 ಡಿಗ್ರಿ ಆಸುಪಾಸು. ಬಳುಕು ಬೇಕಿದ್ದವರು ಅತ್ತ ಹೋಗಬೇಡಿ.

ಇವೂ ಡೈಸಿಯ ಹಾಗೆ ಕರಗದೆ ಮಲಗುವ ಪುಡಿಗಳು. ಅಡಿಪಿಕ್ ಕರಗುವುದು 180 ಡಿಗ್ರಿ ಹತ್ತಿರ, ಕ್ಯೂರ್ ಮಾಡಲು, ಅಂದರೆ ಗಟ್ಟಿಯಾಗಿಸಲು, 150 ಬೇಕು. ಯುಡಿಎಚ್ ಕರಗುವುದು 160ಕ್ಕೆ. ವಿಡಿಎಚ್ ಅನ್ನುವ ಇನ್ನೊಂದು 120ಕ್ಕೇ ಕರಗುತ್ತದೆ, ಹಾಗಾಗಿ 120ರಿಂದ 130 ಡಿಗ್ರಿಯ ಒವನ್ನಿಗೆ ಹೊಂದುತ್ತದೆ.

ಈ ಕೊನೆಯ ಎರಡನ್ನು ಮಾರುಕಟ್ಟೆಗೆ ತಂದದ್ದು ಜಪಾನಿನ ಅಜಿನೊಮೊಟೊ. ಹೌದು, ಗೋಬಿ ಮಂಚೂರಿ ಗಾಡಿಯವರು ಚಿಟಿಕೆ ಉದುರಿಸುವ ಟೇಸ್ಟಿಂಗ್ ಪೌಡರಿನ ಕಂಪನಿಯೇ. ಅಮಿನೊ ಆಮ್ಲ ಅವರ ಮನೆ ಕಸುಬು. ವಿಡಿಎಚ್‌ನ ಮೊದಲ ಅಕ್ಷರ ವ್ಯಾಲಿನ್ ಎಂಬ ಅಮಿನೊ ಆಮ್ಲದಿಂದ ಬಂದದ್ದು.

ಲೆಕ್ಕ ಹಾಕಿದಾಗ ಈ ಮನೆತನದ ತೊಂದರೆ ಗೊತ್ತಾಗುತ್ತದೆ. ಅಡಿಪಿಕ್‌ನ ಅಣುತೂಕ 174. ಕ್ರಿಯೆಗೆ ಸಿಗುವ ಹೈಡ್ರೋಜನ್ ನಾಲ್ಕು ಅಂತ ಹಿಡಿದರೆ ಒಂದಕ್ಕೆ 43.5. ನಿಮ್ಮ ರೆಸಿನ್‌ನ ಎಪಾಕ್ಸಿ ತೂಕ, ಅಂದರೆ ಒಂದು ಎಪಾಕ್ಸಿ ಗುಂಪಿಗೆ ಬೀಳುವ ರೆಸಿನ್‌ನ ತೂಕ, 190 ಇದ್ದರೆ, 43.5ನ್ನು 190ರಿಂದ ಭಾಗಿಸಿ ನೂರರಿಂದ ಗುಣಿಸಿ. ನೂರಕ್ಕೆ ಸುಮಾರು 23 ಭಾಗ ಬರುತ್ತದೆ. ಸೆಬಾಸಿಕ್‌ಗೆ 30 ಭಾಗ. ಯುಡಿಎಚ್‌ಗೆ ಹೆಚ್ಚುಕಡಿಮೆ 48 ಭಾಗ! ಡೈಸಿಯ 7 ಭಾಗದ ಪಕ್ಕ ಇಟ್ಟು ನೋಡಿ. ಇಷ್ಟು ಪುಡಿ ಬಿದ್ದರೆ ಮಾಲು ಇಡ್ಲಿ ಹಿಟ್ಟಿನಿಂದ ಚಪಾತಿ ಹಿಟ್ಟಿನ ಹದಕ್ಕೆ ಹೋಗುತ್ತದೆ. ಸಿರಿಂಜಿನಿಂದ ಹನಿ ಬಿಡುವ ಕೆಲಸಕ್ಕೆ ಕಷ್ಟ. ಖರ್ಚೂ ಜಾಸ್ತಿ. ನಾನು ಮಾಡುವುದು ಏನೆಂದರೆ, ಪೂರ್ತಿ ಉದ್ದ ಸರಪಳಿಗೆ ಹೋಗದೆ ಅಡಿಪಿಕ್ ಮತ್ತು ಸೆಬಾಸಿಕ್ ಬೆರಸಿ, ಉಳಿದ ಬಳುಕನ್ನು ರೆಸಿನ್ ಕಡೆಯಿಂದ ತರುವುದು.

ಇನ್ನೊಂದು ಮಾತು. ಈ ಹಾರ್ಡನರ್‌ಗಳಿಂದ ಅಂಟು ಕಂದಾಗುವುದು ಕಡಿಮೆ. ಕಣ್ಣಿಗೆ ಕಾಣುವ ಜಾಗದ ಅಂಟಿಗೆ ಇದು ಸಣ್ಣ ಲಾಭವೇನಲ್ಲ.

80 ಡಿಗ್ರಿಗೇ ಏಳುವವರು

ಕ್ಯಾಮೆರಾ ಮಾಡ್ಯೂಲ್, ಪ್ಲಾಸ್ಟಿಕ್ ಲೆನ್ಸ್, ಮ್ಯಾಗ್ನೆಟ್, ಬ್ಯಾಟರಿ ಪಕ್ಕದ ಭಾಗ ಇವೆಲ್ಲ 120 ಡಿಗ್ರಿಯನ್ನೂ ತಾಳದಿರಬಹುದು. ಇಂಥಲ್ಲಿ ಅಮೀನ್ ಅಡಕ್ಟ್ ಬೇಕು. ಅಮೀನ್ ಅಥವಾ ಇಮಿಡಜೋಲನ್ನು (ಇದು ಸಾರಜನಕವಿರುವ ಉಂಗುರದ ಹಾರ್ಡನರ್) ಮೊದಲೇ ಸ್ವಲ್ಪ ಎಪಾಕ್ಸಿಯ ಜೊತೆ ಕೂಡಿಸಿ, ಘನ ಮಾಡಿ, ಹಿಟ್ಟಿನಂತೆ ಅರೆದದ್ದು ಇದು. ಅಜಿಕ್ಯೂರ್ ಪಿಎನ್-23 ಇದರ ಹೆಸರುವಾಸಿ ಉದಾಹರಣೆ. ನೂರಕ್ಕೆ 15ರಿಂದ 25 ಭಾಗ ಹಾಕಿದರೆ 80ರಿಂದ 100 ಡಿಗ್ರಿಯಲ್ಲೇ ಕೆಲಸ ಮುಗಿಯುತ್ತದೆ.

ಇದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ದು, ಕಣದ ಸುತ್ತ ತೆಳು ಚಿಪ್ಪು ಕಟ್ಟಿದ್ದು ಅಸಾಹಿ ಕಾಸೆಯವರ ನೋವಾಕ್ಯೂರ್. ಇದು ಪುಡಿಯಾಗಿ ಬರುವುದಿಲ್ಲ, ದ್ರವ ಎಪಾಕ್ಸಿಯಲ್ಲಿ ಬೆರೆಸಿಟ್ಟ ಮಾಸ್ಟರ್‌ಬ್ಯಾಚ್ ಆಗಿ ಬರುತ್ತದೆ. ನಿದ್ದೆಯೂ ಚೆನ್ನ, ಎದ್ದ ಮೇಲೆ ಚುರುಕೂ ಚೆನ್ನ. ಬೆಲೆ ಮಾತ್ರ ಕೇಳಬೇಡಿ.

ಈ ಮನೆತನದ ನಿದ್ದೆ ಬಲು ಸೂಕ್ಷ್ಮ. ನುಣುಪಾಗಲಿ ಅಂತ ತ್ರೀ ರೋಲ್ ಮಿಲ್ಲಿನಲ್ಲಿ ಬಿಗಿಯಾಗಿ ಅರೆದರೆ ಚಿಪ್ಪು ಒಡೆಯುತ್ತದೆ. ತೆಳುವಾಗಲಿ ಅಂತ ಅಸಿಟೋನ್ ಸೇರಿಸಿದರೆ ಕಣ ಉಬ್ಬಿ ಕರಗುತ್ತದೆ. ಬಳುಕಿಗೆ ಅಂತ ಹಾಕುವ ಡೈಲ್ಯೂಯೆಂಟ್, ಅಂದರೆ ಮಾಲನ್ನು ತೆಳುವಾಗಿಸುವ ದ್ರವ, ಕೂಡ ಅದೇ ಕೆಲಸ ಮಾಡಬಹುದು. ಸಂಜೆ ಚೆನ್ನಾಗಿದ್ದ ಮಾಲು ಬೆಳಿಗ್ಗೆ ಗಟ್ಟಿ. ಬಳುಕು ತರಲು ಹೋಗಿ ಬಾಳಿಕೆ ಕಳೆದುಕೊಳ್ಳುವುದು ಇಲ್ಲೇ ಜಾಸ್ತಿ. ಈ ಹಾರ್ಡನರ್ ಜೊತೆ ಯಾವ ಹೊಸ ದ್ರವ ಸೇರಿಸಿದರೂ 40 ಡಿಗ್ರಿಯಲ್ಲಿ ವಾರ ಇಟ್ಟು ನೋಡದೆ ಮುಂದೆ ಹೋಗಬೇಡಿ.

ಫ್ರಿಜ್ಜಿನಲ್ಲಿ ಇಡುವವರಿಗೆ ಒಂದು ಮಾತು. ಹೊರಗೆ ತೆಗೆದ ಡಬ್ಬಿ ಕೋಣೆಯ ಉಷ್ಣತೆಗೆ ಬರುವವರೆಗೆ ಮುಚ್ಚಳ ತೆಗೆಯಬೇಡಿ. ತಣ್ಣಗಿನ ಮಾಲಿನ ಮೇಲೆ ನೀರು ಹನಿ ಕಟ್ಟುತ್ತದೆ. ಒವನ್ನಿನಲ್ಲಿ ಅದೇ ಗುಳ್ಳೆಯಾಗುತ್ತದೆ.

ಇಮಿಡಜೋಲ್, ಬೋರಾನ್, ಇತ್ಯಾದಿ

ಇಮಿಡಜೋಲ್‌ಗಳು ಸ್ವಲ್ಪವೇ ಸಾಕು, ನೂರಕ್ಕೆ 1ರಿಂದ 5 ಭಾಗ. ಇವು ಬಲೆಯೊಳಗೆ ಕೊಂಡಿಯಾಗುವ ಬದಲು ಎಪಾಕ್ಸಿಯನ್ನು ಎಪಾಕ್ಸಿಗೇ ಹೆಣೆಯುತ್ತವೆ. ಟಿ.ಜಿ. ಚೆನ್ನಾಗಿ ಬರುತ್ತದೆ, ಆದರೆ ಬಲೆ ಬಿಗಿ, ಅಂಟು ಪೆಡಸು. ಒಂಟಿ ಹಾರ್ಡನರ್ ಆಗಿ ಟಫ್ ಅಂಟಿಗೆ ಇದು ಬೇಡ. ಡೈಸಿಗೆ ಆಕ್ಸಿಲರೇಟರ್ ಆಗಿ ಚಿಟಿಕೆ ಹಾಕಿದರೆ ಚೆನ್ನ.

ಬೋರಾನ್ ಟ್ರೈಫ್ಲೋರೈಡ್ ಮತ್ತು ಅಮೀನಿನ ಜೋಡಿ ಹಳೇ ಕಾಲದ ಲೇಟೆಂಟ್. ಗಾಳಿಯ ತೇವ ಎಳೆದುಕೊಳ್ಳುತ್ತದೆ, ಲೋಹಕ್ಕೆ ತುಕ್ಕು ತರಬಹುದು. ಕರಾವಳಿಯ ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಕೇಳುವುದೇ ಬೇಡ. ಹೊಸ ಕೆಲಸಕ್ಕೆ ನಾನು ಇದನ್ನು ಆರಿಸುವುದಿಲ್ಲ.

ಜೊತೆಗಾರ ಯಾರು?

ಹಾರ್ಡನರ್ ಒವನ್ನನ್ನು ನಿರ್ಧರಿಸುತ್ತದೆ. ತಾಳಿಕೆಯನ್ನು ನಿರ್ಧರಿಸುವುದು ಹೆಚ್ಚಾಗಿ ಅದರ ಜೊತೆಗಾರ.

ಸಿಟಿಬಿಎನ್ ಅನ್ನುವ ದ್ರವ ರಬ್ಬರ್ ಹಳೆಯದು, ನಂಬಿಕಸ್ತ. ತುದಿಯಲ್ಲಿ ಆಮ್ಲದ ಗುಂಪು ಇರುತ್ತದೆ. ಅದನ್ನು ಮೊದಲೇ ಎಪಾಕ್ಸಿಯ ಜೊತೆ ಬಿಸಿ ಮಾಡಿ ಕೂಡಿಸಿದ ಅಡಕ್ಟ್ ಆಗಿಯೇ ಕೊಳ್ಳಿ, ಹಸಿಯಾಗಿ ಸುರಿಯಬೇಡಿ. ಶುರುವಿನಲ್ಲಿ ಇದು ರೆಸಿನ್‌ನಲ್ಲಿ ಕರಗಿರುತ್ತದೆ. ಎಪಾಕ್ಸಿ ಗಟ್ಟಿಯಾಗುತ್ತಾ ಹೋದಂತೆ ಮಜ್ಜಿಗೆಯಿಂದ ಬೆಣ್ಣೆ ಬೇರೆಯಾದ ಹಾಗೆ ಪುಟ್ಟ ಪುಟ್ಟ ಗುಂಡುಗಳಾಗಿ ಬೇರೆಯಾಗುತ್ತದೆ. ಈ ಬೇರೆಯಾಗುವಿಕೆಗೆ ಸಮಯ ಬೇಕು. ಡೈಸಿಯ ಕ್ಯೂರ್‌ನಲ್ಲಿ ಆ ಸಮಯ ಸಿಗುತ್ತದೆ. 100 ಡಿಗ್ರಿಯಲ್ಲಿ ಐದೇ ನಿಮಿಷಕ್ಕೆ ಕಟ್ಟಿಕೊಳ್ಳುವ ಅಡಕ್ಟಿನಲ್ಲಿ ಸಿಗದೇ ಇರಬಹುದು. ಆಗ ರಬ್ಬರ್ ಎಪಾಕ್ಸಿಯೊಳಗೇ ಕರಗಿ ಉಳಿದು, ತಾಳಿಕೆ ಕೊಡುವ ಬದಲು ಟಿ.ಜಿ. ಇಳಿಸುತ್ತದೆ. ಒಂದೇ ರಬ್ಬರ್, ಒಂದೇ ಪ್ರಮಾಣ, ಹಾರ್ಡನರ್ ಬದಲಾದರೆ ಬೇರೆಯೇ ಅಂಟು.

ಅಂಥ ಕಡೆ ಕೋರ್-ಶೆಲ್ ರಬ್ಬರ್ ಒಳ್ಳೆಯದು. ಇವು ಒಳಗೆ ರಬ್ಬರ್, ಹೊರಗೆ ಗಟ್ಟಿ ಚಿಪ್ಪು ಇರುವ, ಮೊದಲೇ ಗುಂಡಗೆ ತಯಾರಾದ ಕಣಗಳು, ಒಂದು ಮೈಕ್ರಾನಿನ ಹತ್ತನೇ ಒಂದು ಭಾಗದ ಆಸುಪಾಸು. ಕ್ಯೂರ್ ನಿಧಾನವಿರಲಿ, ವೇಗವಿರಲಿ, ಇವು ಇದ್ದ ಹಾಗೇ ಇರುತ್ತವೆ. ಟಿ.ಜಿ.ಯನ್ನೂ ಹೆಚ್ಚು ಮುಟ್ಟುವುದಿಲ್ಲ. ಕಾನೆಕಾದಂಥ ಕಂಪನಿಗಳು ಇವನ್ನು ಎಪಾಕ್ಸಿಯಲ್ಲಿ ಬೆರೆಸಿಯೇ ಮಾರುತ್ತವೆ. ಕಡಿಮೆ ಬಿಸಿಯ ಹಾರ್ಡನರ್ ಆರಿಸಿದರೆ ನಾನು ಎರಡನೇ ಯೋಚನೆ ಮಾಡದೆ ಇದನ್ನೇ ಹಾಕುತ್ತೇನೆ.

ರೆಸಿನ್ ಕಡೆಯ ಬಳುಕಿಗೆ ಪಾಲಿಪ್ರೊಪಿಲೀನ್ ಗ್ಲೈಕಾಲ್‌ನ ಎಪಾಕ್ಸಿ, ಡೈಮರ್ ಆಮ್ಲದ ಎಪಾಕ್ಸಿ ಇವೆ. ನನಗೆ ಇಷ್ಟವಾದದ್ದು ಗೇರುಬೀಜದ್ದು. ದಕ್ಷಿಣ ಕನ್ನಡದಲ್ಲಿ ಬೆಳೆದವರಿಗೆ ಗೊತ್ತು, ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ. ಅದೇ ಎಣ್ಣೆಯಿಂದ ಕಾರ್ಡನಾಲ್ ತೆಗೆಯುತ್ತಾರೆ. ಒಂದು ಫೀನಾಲ್ ಉಂಗುರ, ಅದಕ್ಕೆ ಹದಿನೈದು ಇಂಗಾಲದ ಬಾಲ. ಆ ಬಾಲವೇ ಬಳುಕು ಕೊಡುತ್ತದೆ, ನೀರನ್ನು ದೂರ ಇಡುತ್ತದೆ. ಈ ಕಾರ್ಡನಾಲನ್ನು ಎಪಾಕ್ಸಿ ಮಾಡಿ ಮಾರುವವರಲ್ಲಿ ಕಾರ್ಡೊಲೈಟ್ ದೊಡ್ಡ ಹೆಸರು, ಅವರ ಕಾರ್ಖಾನೆ ಮಂಗಳೂರಿನಲ್ಲೂ ಇದೆ. ನೂರಕ್ಕೆ 20 ಭಾಗ ರೆಸಿನ್ನನ್ನು ಇದರಿಂದ ಬದಲಿಸಿ ನೋಡಿ. ಡೈಸಿಯ ಜೊತೆ ಹೊಂದಿಕೊಳ್ಳುತ್ತದೆ. ಬಣ್ಣ ಮಾತ್ರ ಕಂದು.

ನಾನಾದರೆ

170 ಡಿಗ್ರಿಯ ಬಣ್ಣ ಒಣಗಿಸುವ ಒವನ್ ಇದೆ, ಉಕ್ಕಿಗೆ ಉಕ್ಕು ಅಂಟಿಸಬೇಕು, ಏಟು ತಾಳಬೇಕು ಅಂದರೆ ಡೈಸಿ, ಸಿಟಿಬಿಎನ್ ಅಡಕ್ಟ್, ಮೇಲೆ ಸ್ವಲ್ಪ ಕೋರ್-ಶೆಲ್. ಇದರಲ್ಲಿ ಚರ್ಚೆಯೇ ಇಲ್ಲ.

130 ಡಿಗ್ರಿಯ ಮಿತಿ ಇದೆ, ಗೋಡೌನ್ ಬಿಸಿ ಅಂದರೆ ಮೊದಲು ಡೈಸಿ ಮತ್ತು ಯೂರಾನ್. ಬಾಳಿಕೆ ಸಾಲದಿದ್ದರೆ ವಿಡಿಎಚ್ ಕಡೆ ನೋಡುತ್ತೇನೆ.

ಅಲ್ಯೂಮಿನಿಯಂಗೆ ಸೆರಾಮಿಕ್ ಅಥವಾ ಗಾಜು, ದಿನಾ ಬಿಸಿ ತಂಪು ಆಗುವ ಜಾಗ, 150 ಡಿಗ್ರಿ ಕೊಡಬಹುದು ಅಂದರೆ ಸೆಬಾಸಿಕ್ ಡೈಹೈಡ್ರಜೈಡ್, ಜೊತೆಗೆ ಬಳುಕಿನ ರೆಸಿನ್. ಮಾಲು ದಪ್ಪಗಿರುತ್ತದೆ, ಸಹಿಸಿಕೊಳ್ಳಬೇಕು.

ಪ್ಲಾಸ್ಟಿಕ್ ಭಾಗ, 80 ಡಿಗ್ರಿ, ಸಣ್ಣ ಹನಿ ಅಂದರೆ ಅಡಕ್ಟ್ ಅಥವಾ ಚಿಪ್ಪು ಕಟ್ಟಿದ ಮೈಕ್ರೋಕ್ಯಾಪ್ಸೂಲ್, ಕೋರ್-ಶೆಲ್, ಮತ್ತು ಒಂದು ಫ್ರಿಜ್ಜು.

ಲೋಟದಷ್ಟು ಆಳಕ್ಕೆ ಸುರಿಯಬೇಕು, ತಿಂಗಳಿಗೆ ಐವತ್ತೇ ಪೀಸು ಅಂದರೆ? ಎರಡು ಡಬ್ಬಿಯ ಎಪಾಕ್ಸಿಯನ್ನೇ ಕೊಳ್ಳಿ. ಲೇಟೆಂಟ್ ಹಾರ್ಡನರ್‌ನ ಉಪದ್ವ್ಯಾಪ ನಿಮಗೆ ಬೇಡ.

ಪರೀಕ್ಷೆ ಹೀಗಿರಲಿ

ಹೆಚ್ಚಿನವರು ಲ್ಯಾಪ್ ಶಿಯರ್ ಒಂದೇ ಮಾಡಿ ನಿಲ್ಲಿಸುತ್ತಾರೆ. ಎರಡು ಪಟ್ಟಿ ಅಂಟಿಸಿ ಉದ್ದಕ್ಕೆ ಎಳೆಯುವ ಪರೀಕ್ಷೆ ಅದು. ಪೆಡಸು ಅಂಟು ಕೂಡ ಅದರಲ್ಲಿ ಚೆನ್ನಾಗಿ ಅಂಕ ತೆಗೆಯುತ್ತದೆ. ತಾಳಿಕೆ ಗೊತ್ತಾಗುವುದು ಸುಲಿಯುವ ಪರೀಕ್ಷೆಯಲ್ಲಿ, ಅಂದರೆ ಟಿ-ಪೀಲ್‌ನಲ್ಲಿ. ಎರಡು ತೆಳು ತಗಡನ್ನು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಡಿಸಿ ನೋಡಿ. ಯಂತ್ರ ಇಲ್ಲದಿದ್ದರೆ ಕೈಯಲ್ಲೇ ಕಟಿಂಗ್ ಪ್ಲೇಯರ್ ಹಿಡಿದು ಎಳೆದರೂ ಸಾಕಷ್ಟು ತಿಳಿಯುತ್ತದೆ. ಟಿಕ್ ಅಂತ ಒಂದೇ ಸಲ ಬಿಟ್ಟುಕೊಂಡರೆ ಪೆಡಸು. ಬಿಡಿಸುತ್ತಾ ಹೋದಂತೆ ಅಂಟು ಬೆಳ್ಳಗಾಗುತ್ತಾ ಎರಡೂ ತಗಡಿಗೆ ಉಳಿದರೆ ಒಳಗಿನ ರಬ್ಬರ್ ಕೆಲಸ ಮಾಡಿದೆ. ಅದೇ ಪಟ್ಟಿಗಳನ್ನು ಫ್ರೀಜರಿನಲ್ಲಿ ರಾತ್ರಿಯಿಡೀ ಇಟ್ಟು ಮತ್ತೆ ಸುಲಿಯಿರಿ. ಕೋಣೆಯಲ್ಲಿ ಬಳುಕಿದ್ದೆಲ್ಲ ಚಳಿಯಲ್ಲಿ ಬಳುಕುವುದಿಲ್ಲ.

ಹಸಿ ಎಪಾಕ್ಸಿ ಕೈಗೆ ಅಂಟಿದರೆ ಕೆಲವರಿಗೆ ಅಲರ್ಜಿ ಶುರುವಾಗಿ ಜನ್ಮಕ್ಕೆ ಬಿಡುವುದಿಲ್ಲ. ಕೈಗವಸು ಹಾಕಿ. ನುಣುಪು ಪುಡಿ ತೂಗುವಾಗ ಮಾಸ್ಕ್ ಹಾಕಿ.

ಬಾಳಿಕೆಯ ಪರೀಕ್ಷೆಗೆ ಮೂರು ಪುಟ್ಟ ಬಾಟಲಿ ಸಾಕು. ಒಂದನ್ನು ಫ್ರಿಜ್ಜಿನಲ್ಲಿ, ಒಂದನ್ನು ಮೇಜಿನ ಮೇಲೆ, ಒಂದನ್ನು 40 ಡಿಗ್ರಿಯ ಒವನ್ನಿನಲ್ಲಿ ಇಡಿ. ವಾರಕ್ಕೊಮ್ಮೆ ಕಡ್ಡಿ ಅದ್ದಿ ಎತ್ತಿ, ಎಳೆ ಹೇಗೆ ಬೀಳುತ್ತದೆ ನೋಡಿ. ಮಾಲಿನ ದಪ್ಪ ಅಳೆಯುವ ವಿಸ್ಕೋಮೀಟರ್ ಇದ್ದರೆ ಅಳತೆ ಬರೆದಿಡಿ. ದಪ್ಪ ಎರಡು ಪಟ್ಟಾದ ದಿನವೇ ಆ ಮಾಲಿನ ಬಾಳಿಕೆ ಮುಗಿದ ದಿನ ಅಂತ ನಾನು ಎಣಿಸುತ್ತೇನೆ. ಉಳಿದ ಪರೀಕ್ಷೆಗಳೆಲ್ಲ ಒಂದು ವಾರದಲ್ಲಿ ಮುಗಿಯುತ್ತವೆ. ಇದೊಂದಕ್ಕೆ ಮೂರು ತಿಂಗಳಾದರೂ ಬೇಕು. ಅದಕ್ಕೇ ಮೊದಲ ಸ್ಯಾಂಪಲ್ ಕಲಸಿದ ದಿನವೇ ಬಾಟಲಿಗಳ ಮೇಲೆ ತಾರೀಕು ಬರೆದು ಇಟ್ಟುಬಿಡಿ.